ಅಂಗಾಲಿಗೆ ಏನು ಹಚ್ಚಲಿ ಅಂತ ಕೇಳುವ ಶುಗರ್‌ನವರಿಗೆ

ಅಪ್ಪನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಆಗ ಹದಿನಾರು ವರ್ಷ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಚರ್ಮ ಗಟ್ಟಿಯಾಗಿ ಗುಂಡಗೆ ಎದ್ದಿತ್ತು. ಆಣಿ ಇರಬೇಕು ಅಂದುಕೊಂಡು ಮೆಡಿಕಲ್ ಶಾಪಿನಿಂದ ಕಾರ್ನ್ ಕ್ಯಾಪ್ ತಂದು ಅಂಟಿಸಿಕೊಂಡರು. ನೋವಿಲ್ಲ, ಉರಿಯಿಲ್ಲ, ಹಾಯಾಗಿ ವಾಕಿಂಗ್ ಹೋಗಿ ಬರುತ್ತಿದ್ದರು. ಐದನೇ ದಿನ ಬೆಳಿಗ್ಗೆ ನೆಲ ಒರೆಸುತ್ತಿದ್ದ ಅಮ್ಮನ ಕಣ್ಣಿಗೆ ಒದ್ದೆ ಹೆಜ್ಜೆ ಗುರುತು ಬಿತ್ತು. ಅದು ನೀರಲ್ಲ, ಕೀವು. ಪಟ್ಟಿ ಬಿಚ್ಚಿ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಚರ್ಮ ಬೆಳ್ಳಗೆ ಬೆಂದುಹೋಗಿತ್ತು. ಅಪ್ಪನಿಗೆ ಏನೂ ಗೊತ್ತೇ ಆಗಿರಲಿಲ್ಲ.

ಅದು ವಾಸಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಂದ ಈಚೆಗೆ ನೆಂಟರಲ್ಲಿ ಯಾರ ಕಾಲಿಗೆ ಏನಾದರೂ ಫೋನು ಬರುವುದು ನನಗೇ. ಎಲ್ಲರದ್ದೂ ಒಂದೇ ಪ್ರಶ್ನೆ: ಯಾವ ಮುಲಾಮು ಹಚ್ಚಬೇಕು? ನಾನು ಡಾಕ್ಟರಲ್ಲ. ಆ ನಾಲ್ಕು ತಿಂಗಳು ಡ್ರೆಸ್ಸಿಂಗ್ ರೂಮಿನ ಹೊರಗೆ ಕೂತು ಓದಿದ್ದು, ಒಳಗಿದ್ದವರನ್ನು ಪೀಡಿಸಿ ಕೇಳಿದ್ದು, ಅಷ್ಟೇ ನನ್ನ ಬಂಡವಾಳ. ಆದರೂ ಫೋನ್ ಮಾಡಿದವರಿಗೆ ನಾನು ಮೊದಲು ತಿರುಗಿ ಕೇಳುವುದು ಒಂದೇ ಮಾತು. ಚರ್ಮ ಒಡೆದಿದೆಯಾ, ಇಲ್ಲವಾ? ಒಡೆಯದ ಚರ್ಮಕ್ಕೆ ಮುಲಾಮು ನಿಜವಾಗಲೂ ಕೆಲಸ ಮಾಡುತ್ತದೆ. ಒಡೆದ ಮೇಲೆ ಹಚ್ಚುವುದಕ್ಕಿಂತ ತೆಗೆಯುವುದೇ ಮುಖ್ಯ: ಕಾಲಿನ ಮೇಲಿನ ಭಾರ ತೆಗೆಯಬೇಕು, ಸತ್ತ ಚರ್ಮ ತೆಗೆಯಬೇಕು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ. ಒಡೆಯುವವರೆಗೆ ಏನೂ ಹಚ್ಚುವುದಿಲ್ಲ, ಒಡೆದ ಮೇಲೆ ಅರಿಶಿನದಿಂದ ಹಿಡಿದು ಕಾಫಿ ಪುಡಿಯವರೆಗೆ ಎಲ್ಲವನ್ನೂ ಮೆತ್ತುತ್ತಾರೆ.

ಮೊದಲು ಚರ್ಮದ ವಿಷಯ. ಸಕ್ಕರೆ ಕಾಯಿಲೆ ನರಗಳನ್ನು ಹಾಳು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಕಾಲಿಗೆ ಹೋಗುವುದು ಒಂದೇ ಥರದ ನರ ಅಲ್ಲ. ಸ್ಪರ್ಶ, ಬಿಸಿ, ನೋವು ಹೇಳುವ ನರ ಒಂದು. ಪಾದದ ಸಣ್ಣ ಸ್ನಾಯುಗಳನ್ನು ಆಡಿಸುವುದು ಇನ್ನೊಂದು, ಇದು ಕೆಟ್ಟರೆ ಬೆರಳುಗಳು ಕೊಕ್ಕೆಯ ಹಾಗೆ ಬಾಗಿ, ಮೈ ಭಾರವೆಲ್ಲ ಒಂದೆರಡು ಜಾಗದ ಮೇಲೆ ಬೀಳತೊಡಗುತ್ತದೆ. ಮೂರನೆಯದು ಬೆವರಿಸುವ ನರ. ಯಾರೂ ಮಾತಾಡದೇ ಇರುವುದು ಇದರ ಬಗ್ಗೆಯೇ. ನಮ್ಮ ಮೈಯ ಉಳಿದ ಕಡೆ ಚರ್ಮದಲ್ಲಿ ಎಣ್ಣೆ ಸೂಸುವ ಗ್ರಂಥಿಗಳಿವೆ, ಅಂಗೈ ಅಂಗಾಲಿನಲ್ಲಿ ಇಲ್ಲ. ಅಂಗಾಲಿಗೆ ಇರುವ ತೇವವೆಲ್ಲ ಬೆವರಿನದ್ದೇ. ಆ ನರ ಕೆಟ್ಟರೆ ಬೆವರು ನಿಲ್ಲುತ್ತದೆ, ಬೆವರು ನಿಂತರೆ ಅಂಗಾಲು ಬೇಸಿಗೆಯ ಕೆರೆಯಂಗಳದ ಹಾಗೆ ಒಣಗಿ ಬಿರಿಯುತ್ತದೆ. ಮೈಯಲ್ಲಿ ಸಕ್ಕರೆ ಜಾಸ್ತಿ ಇದ್ದಾಗ ಚರ್ಮದ ಪ್ರೋಟೀನುಗಳಿಗೆ ಅದು ಅಂಟಿಕೊಂಡು ಚರ್ಮ ಬಿರುಸಾಗುವುದೂ ಇದೆ. ಹಿಮ್ಮಡಿಯ ಬಿರುಕು ಆಳವಾಯಿತು ಅಂದರೆ ಬ್ಯಾಕ್ಟೀರಿಯಾ ಒಳಗೆ ಬರಲು ಬಾಗಿಲು ತೆರೆದಿಟ್ಟ ಹಾಗೆ.

ಹಾಗಾಗಿ ಶುಗರ್ ಇರುವವರಿಗೆ ಹಿಮ್ಮಡಿ ಕ್ರೀಮು ಅಂದರೆ ಶೋಕಿ ಅಲ್ಲ.

ಕ್ರೀಮುಗಳು ಮಾಡುವ ಕೆಲಸ ಮೂರು ಬಗೆ. ಕೆಲವು ಮುಚ್ಚಳದ ಹಾಗೆ ಕೂತು ಒಳಗಿನ ನೀರು ಆರಿಹೋಗದಂತೆ ತಡೆಯುತ್ತವೆ. ಪೆಟ್ರೋಲಿಯಂ ಜೆಲ್ಲಿ, ಪ್ಯಾರಾಫಿನ್, ನಮ್ಮ ಕೊಬ್ಬರಿ ಎಣ್ಣೆ, ಹರಳೆಣ್ಣೆ ಎಲ್ಲ ಈ ಗುಂಪು. ಗ್ಲಿಸರಿನ್ ಥರದ್ದು ನೀರನ್ನು ಎಳೆದು ಹಿಡಿದುಕೊಳ್ಳುತ್ತದೆ. ಇನ್ನು ಕೆಲವು ಗಟ್ಟಿಯಾದ ಮೇಲ್ಪದರವನ್ನು ಸಡಿಲ ಮಾಡಿ ಉದುರಿಸುತ್ತವೆ. ಲ್ಯಾಕ್ಟಿಕ್ ಆಸಿಡ್ ಇರುವ ಲೋಷನ್‌ಗಳಲ್ಲಿ ಈ ಗುಣ ಇದೆ. ಈ ಕೊನೆಯ ಎರಡೂ ಕೆಲಸ ಒಟ್ಟಿಗೆ ಮಾಡುವುದು ಯೂರಿಯಾ. ಹೌದು, ಹೊಲಕ್ಕೆ ಎರಚುತ್ತೀರಲ್ಲ, ಅದೇ ಯೂರಿಯಾ! ಹಾಗಂತ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ. ಅಣು ಒಂದೇ, ಶುದ್ಧತೆ ಬೇರೆ. ನಮ್ಮ ಚರ್ಮದಲ್ಲೇ ನೀರು ಹಿಡಿದಿಡಲು ಒಂದಿಷ್ಟು ಯೂರಿಯಾ ಸಹಜವಾಗಿ ಇರುತ್ತದೆ, ಒಣಚರ್ಮದಲ್ಲಿ ಅದು ಕಡಿಮೆಯಾಗಿರುತ್ತದೆ, ಕ್ರೀಮು ಅದನ್ನು ತುಂಬಿಕೊಡುತ್ತದೆ.

ಟ್ಯೂಬಿನ ಮೇಲೆ ಬರೆದಿರುವ ಶೇಕಡಾವಾರು ನೋಡಿಯೇ ಕೊಳ್ಳಿ. ಶೇ 10ರಷ್ಟು ಯೂರಿಯಾ ಇದ್ದರೆ ಮುಖ್ಯವಾಗಿ ತೇವ ಹಿಡಿಯುವ ಕೆಲಸ, ದಿನಾ ಹಚ್ಚಲು ಅದು ಸರಿ. ಶೇ 20-25 ದಾಟಿದರೆ ಗಟ್ಟಿ ಪದರ ಕರಗಿಸುವ ಕೆಲಸವೂ ಶುರು, ದಪ್ಪಗಾದ ಹಿಮ್ಮಡಿಗೆ ಅದು. ಶೇ 40 ಅಂದರೆ ಉಗುರನ್ನೂ ಮೆತ್ತಗಾಗಿಸುವಷ್ಟು ಜೋರು, ಅದನ್ನು ಡಾಕ್ಟರು ಹೇಳದೆ ಸ್ಪರ್ಶ ಇಲ್ಲದ ಕಾಲಿಗೆ ಮುಟ್ಟಿಸಬೇಡಿ. ರಕ್ತ ಜಿನುಗುವಷ್ಟು ಆಳದ ಬಿರುಕಿದ್ದರೆ ಅದು ಒಡೆದ ಚರ್ಮದ ಲೆಕ್ಕ, ಕ್ರೀಮು ಹಚ್ಚಿ ಕಾಯುವುದಲ್ಲ, ತೋರಿಸಬೇಕು.

ಎಷ್ಟು ಹಚ್ಚಬೇಕು? ಇದನ್ನು ಯಾರೂ ಹೇಳಿಕೊಡುವುದಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಒಂದು ಗೆರೆ ಎಳೆದರೆ ಸುಮಾರು ಅರ್ಧ ಗ್ರಾಂ. ಒಂದು ಪಾದದ ಮೇಲೆ ಕೆಳಗೆ ಸೇರಿ ಅಂಥ ಎರಡು ಗೆರೆ ಬೇಕು. ಎರಡು ಪಾದಕ್ಕೆ 2 ಗ್ರಾಂ, ದಿನಕ್ಕೆ ಎರಡು ಸಲ ಅಂದರೆ 4 ಗ್ರಾಂ. 30 ಗ್ರಾಂ ಟ್ಯೂಬು ಒಂದು ವಾರಕ್ಕೆ ಖಾಲಿ! ನಮ್ಮ ಮನೆಗಳಲ್ಲಿ ಒಂದು ಟ್ಯೂಬು ಯುಗಾದಿಗೆ ತಂದರೆ ದೀಪಾವಳಿಗೂ ಇರುತ್ತದೆ, ಆಮೇಲೆ "ಆ ಕ್ರೀಮು ಏನೂ ಪ್ರಯೋಜನ ಇಲ್ಲ ಕಣೋ" ಅಂತ ದೊಡ್ಡಪ್ಪ ಹೇಳುತ್ತಾರೆ. ದುಡ್ಡಿನ ಲೆಕ್ಕ ನೋಡಿದರೆ ದುಬಾರಿ ಟ್ಯೂಬನ್ನು ಕಂಜೂಸು ಮಾಡಿ ಹಚ್ಚುವುದಕ್ಕಿಂತ, ರಾತ್ರಿ ಯೂರಿಯಾ ಕ್ರೀಮು, ಬೆಳಿಗ್ಗೆ ಸ್ನಾನದ ನಂತರ ಬರೀ ಪೆಟ್ರೋಲಿಯಂ ಜೆಲ್ಲಿ ಅಂತ ಮಾಡಿಕೊಳ್ಳುವುದು ಜಾಣತನ. ಸ್ನಾನ ಆಗಿ ಕಾಲು ಒರೆಸಿಕೊಂಡ ತಕ್ಷಣ, ಚರ್ಮ ಇನ್ನೂ ಸ್ವಲ್ಪ ಹಸಿಯಾಗಿರುವಾಗ ಹಚ್ಚಿದರೆ ಒಳ್ಳೆಯದು. ಹಚ್ಚಿದ ಮೇಲೆ ಸಡಿಲವಾದ ಹತ್ತಿಯ ಸಾಕ್ಸ್ ಹಾಕಿಕೊಳ್ಳಿ, ಇಲ್ಲದಿದ್ದರೆ ಗ್ರಾನೈಟ್ ನೆಲದ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡು ಬೇರೆಯದೇ ಕಥೆ ಆಗುತ್ತದೆ.

ಒಂದು ಕಡೆ ಮಾತ್ರ ಹಚ್ಚಬಾರದು, ಬೆರಳ ಸಂದಿಯಲ್ಲಿ. ಅಲ್ಲಿ ಸಮಸ್ಯೆ ಒಣಗುವುದಲ್ಲ, ಕೊಳೆಯುವುದು. ಕ್ರೀಮಿನ ತೇವವೂ ಸೇರಿದರೆ ಚರ್ಮ ನೆನೆದು ಬೆಳ್ಳಗಾಗಿ ಕಿತ್ತುಬರುತ್ತದೆ, ಫಂಗಸ್ಸಿಗೆ ಹಬ್ಬ. ಹಳೆಯ ಪಂಚೆ ಹರಿದ ತುಂಡಿನಿಂದ ಒಂದೊಂದೇ ಸಂದಿ ಒರೆಸಿ ಒಣಗಿಸಿ, ಬರಿದೇ ಬಿಡಿ.

ಇನ್ನು ಮನೆಮದ್ದು. ಎಣ್ಣೆ ಹಚ್ಚುವುದರಲ್ಲಿ ತಪ್ಪಿಲ್ಲ, ಅಜ್ಜಿ ಹೇಳಿದ್ದು ಸರಿಯೇ. ನನಗೆ ಭಯ ಇರುವುದು ಮೇಣದಬತ್ತಿಯನ್ನು ಎಣ್ಣೆಯಲ್ಲಿ ಕರಗಿಸಿ ಬಿಸಿಬಿಸಿಯಾಗಿ ಬಿರುಕಿಗೆ ಬಿಡುತ್ತಾರಲ್ಲ, ಅದರ ಬಗ್ಗೆ. ಸ್ಪರ್ಶ ಇರುವವರಿಗೆ "ಅಯ್ಯೋ ಬಿಸಿ" ಅಂತ ಕಾಲು ಎಳೆದುಕೊಳ್ಳಲು ಗೊತ್ತಾಗುತ್ತದೆ, ಶುಗರ್‌ನಿಂದ ಕಾಲು ಮರಗಟ್ಟಿದವರಿಗೆ ಆಗುವುದಿಲ್ಲ. ಬಕೆಟ್ಟಿನಲ್ಲಿ ಉಪ್ಪು ಹಾಕಿ ಬಿಸಿನೀರಿನಲ್ಲಿ ಕಾಲಿಡುವುದೂ ಅಷ್ಟೇ. ನೀರು 37 ಡಿಗ್ರಿ ದಾಟಬಾರದು ಅನ್ನುತ್ತಾರೆ, ಅಂದರೆ ಮೈಯಷ್ಟೇ ಬೆಚ್ಚಗೆ, ಅದನ್ನೂ ಕಾಲಿನಿಂದಲ್ಲ, ಮನೆಯವರ ಮೊಣಕೈಯಿಂದ ನೋಡಬೇಕು. ಬಚ್ಚಲ ಕಲ್ಲಿಗೆ ಹಿಮ್ಮಡಿ ಗಸಗಸ ಉಜ್ಜುವ ಅಭ್ಯಾಸ ಇರುವವರು ಎಲ್ಲಿಗೆ ನಿಲ್ಲಿಸಬೇಕು ಅಂತ ತಿಳಿಯುವುದು ನೋವಿನಿಂದ. ನೋವೇ ಇಲ್ಲದಿದ್ದರೆ?

ಸ್ಪರ್ಶ ಇದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಇದು ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯವರು ರೂಢಿಗೆ ತಂದ ಸರಳ ಪರೀಕ್ಷೆ. ಶುಗರ್ ಇರುವವರನ್ನು ಮಲಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಕುಟ್ಟಬೇಡಿ. ಮುಟ್ಟಿದಾಗಲೆಲ್ಲ ಎಡ, ಬಲ ಅಂತ ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಕಾಲಿನ ಸ್ಪರ್ಶ ಕಡಿಮೆಯಾಗಿದೆ ಅಂತ ಅರ್ಥ. ಅಪ್ಪನಿಗೆ ಆರಕ್ಕೆ ಆರೂ ಗೊತ್ತಾಗಲಿಲ್ಲ. ನಾನು ಮುಟ್ಟುತ್ತಲೇ ಇದ್ದೆ, ಅವರು "ಶುರು ಮಾಡಪ್ಪ ಬೇಗ" ಅನ್ನುತ್ತಿದ್ದರು.

ಈಗ ಆ ಕಾರ್ನ್ ಕ್ಯಾಪ್‌ಗೆ ಬರೋಣ. ಅದರ ನಡುವೆ ಇರುವುದು ಸ್ಯಾಲಿಸಿಲಿಕ್ ಆಸಿಡ್, ಹೆಚ್ಚಾಗಿ ಶೇ 40ರಷ್ಟು. ಅದು ಸತ್ತ ಚರ್ಮ, ಜೀವಂತ ಚರ್ಮ ಅಂತ ಭೇದ ಮಾಡುವುದಿಲ್ಲ. ಪಟ್ಟಿ ಸ್ವಲ್ಪ ಜರುಗಿದರೂ ಪಕ್ಕದ ಒಳ್ಳೆಯ ಚರ್ಮ ಬೇಯುತ್ತದೆ. ಮಾಮೂಲಿ ಜನರಿಗೆ ಚುರುಚುರು ಅಂದಾಗ ಕಿತ್ತು ಎಸೆಯುತ್ತಾರೆ. ಅಪ್ಪನ ಕಾಲು ಸುದ್ದಿಯನ್ನೇ ಕಳಿಸಲಿಲ್ಲ. ಪ್ಯಾಕೆಟ್ಟಿನ ಹಿಂದೆ ಮಧುಮೇಹಿಗಳು ಬಳಸಬಾರದು ಅಂತ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದೇ ಇತ್ತು, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ. ಇನ್ನೊಂದು ವಿಷಯ ಗೊತ್ತಾಗಿದ್ದು ಆಮೇಲೆ. ಅದು ಆಣಿಯೇ ಆಗಿರಲಿಲ್ಲ. ಒಂದೇ ಜಾಗದ ಮೇಲೆ ಭಾರ ಬಿದ್ದು ಬಿದ್ದು ಜಡ್ಡುಗಟ್ಟಿದ ಚರ್ಮ. ಜಡ್ಡು ತಾನೇ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತದೆ, ಅದರ ಕೆಳಗೆ ಸದ್ದಿಲ್ಲದೆ ಹುಣ್ಣು ಆಗುತ್ತದೆ. ನುರಿತವರು ಬ್ಲೇಡಿನಿಂದ ಜಡ್ಡನ್ನು ಹೆರೆದು ತೆಗೆದರೆ ಆ ಜಾಗದ ಒತ್ತಡ ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ ಅಂತ ಅಳೆದು ನೋಡಿದ್ದಾರೆ. ನುರಿತವರು ಅಂದೆ. ಮನೆಯ ಶೇವಿಂಗ್ ಬ್ಲೇಡು ಅಲ್ಲ.

ಬೆರಳ ಸಂದಿಯ ಫಂಗಸ್ಸಿಗೆ ಹಚ್ಚುವ ಔಷಧಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಟರ್ಬಿನಾಫಿನ್ ಆದರೆ ಒಂದೆರಡು ವಾರ, ಕ್ಲೋಟ್ರಿಮಜೋಲ್ ಆದರೆ ಸುಮಾರು ನಾಲ್ಕು ವಾರ, ತುರಿಕೆ ನಿಂತಿತು ಅಂತ ನಡುವೆ ಬಿಡುವ ಹಾಗಿಲ್ಲ. ಇಲ್ಲಿ ನಮ್ಮ ದೇಶದ್ದೇ ಒಂದು ರೋಗ ಇದೆ, ಅದೆಂದರೆ ಎಲ್ಲ ಸೇರಿಸಿದ ಮಿಶ್ರಣದ ಕ್ರೀಮು: ಒಂದು ಫಂಗಸ್ ಔಷಧಿ, ಒಂದು ಆಂಟಿಬಯೋಟಿಕ್, ಜೊತೆಗೆ ಒಂದು ಜೋರಾದ ಸ್ಟೀರಾಯ್ಡ್. ಹಚ್ಚಿದ ಮೂರೇ ದಿನಕ್ಕೆ ತುರಿಕೆ ಮಾಯ, ಯಾಕೆಂದರೆ ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ. ಫಂಗಸ್ ಮಾತ್ರ ಒಳಗೊಳಗೇ ಹಬ್ಬುತ್ತದೆ, ಚರ್ಮ ಪೇಪರಿನ ಹಾಗೆ ತೆಳ್ಳಗಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ನಿಯಮ ತಂದಿತು. ಆದರೂ "ತುರಿಕೆಗೆ ಏನಾದರೂ ಕೊಡಿ" ಅಂದರೆ ಎಷ್ಟು ಕೌಂಟರುಗಳಲ್ಲಿ ಅದೇ ಟ್ಯೂಬು ಬರುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಅಂಗಾಲು ಉರಿಯುವವರ ಕಥೆ ಬೇರೆ. ರಾತ್ರಿಯಾದರೆ ಕೆಂಡದ ಮೇಲೆ ಕಾಲಿಟ್ಟ ಹಾಗೆ ಅನ್ನುತ್ತಾರೆ. ವಿಚಿತ್ರ ಅಂದರೆ ಮುಟ್ಟಿದ್ದು ಗೊತ್ತಾಗದ ಕಾಲೇ ಉರಿಯಬಹುದು, ಹಾಳಾದ ನರ ಸುಳ್ಳು ಸುದ್ದಿ ಕಳಿಸುತ್ತಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಮಾತ್ರೆ ಕೊಡುತ್ತಾರೆ. ಹಚ್ಚುವುದರಲ್ಲಿ ಇರುವ ಒಂದು ಆಯ್ಕೆ ಮೆಣಸಿನಕಾಯಿ. ತಮಾಷೆ ಅಲ್ಲ. ಮೆಣಸಿನಕಾಯಿಯ ಖಾರ ಅಂದರೆ ಕ್ಯಾಪ್ಸೈಸಿನ್. ನಮ್ಮ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ, ಖಾರ ಹೋಗಿ ಅಂಟುವುದೂ ಅದಕ್ಕೇ, ಅದಕ್ಕೇ ಖಾರ ತಿಂದರೆ ಬಾಯಿ "ಸುಡುತ್ತದೆ". ಈ ಪ್ರೋಟೀನನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಖಾರವನ್ನು ಮತ್ತೆ ಮತ್ತೆ ಹಚ್ಚಿದರೆ ಆ ನರದ ತುದಿ ಸೋತು ಸುಮ್ಮನಾಗುತ್ತದೆ. ಶೇ 0.075ರ ಕ್ರೀಮನ್ನು ದಿನಕ್ಕೆ ಮೂರ್ನಾಲ್ಕು ಸಲ, ವಾರಗಟ್ಟಲೆ ಹಚ್ಚಬೇಕು. ಮೊದಮೊದಲು ಉರಿ ಇನ್ನೂ ಹೆಚ್ಚಾಗುತ್ತದೆ, ಬಹಳ ಜನ ಕೈಬಿಡುವುದು ಅಲ್ಲೇ. ಹಚ್ಚಿದ ಕೈ ಕಣ್ಣಿಗೆ ಹೋದರೆ ಕೇಳಲೇಬೇಡಿ. ಶೇ 8ರ ಪಟ್ಟಿಯೂ ಇದೆ, ಅದನ್ನು ಆಸ್ಪತ್ರೆಯಲ್ಲೇ ಅರ್ಧ ಗಂಟೆ ಅಂಟಿಸಿ ತೆಗೆಯುತ್ತಾರೆ, ಮತ್ತೆ ಬೇಕಾದರೆ ಮೂರು ತಿಂಗಳು ಬಿಟ್ಟು. ಅಮೆರಿಕದಲ್ಲಿ ಮಧುಮೇಹದ ಕಾಲುನೋವಿಗೆ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಎರಡನ್ನೂ ಒಡೆದ ಚರ್ಮದ ಮೇಲೆ ಹಚ್ಚುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿ ಅರೆದು ನೋಡೋಣ ಅನ್ನುವ ಯೋಚನೆ ಯಾರಿಗಾದರೂ ಬಂದಿದ್ದರೆ ಬಿಟ್ಟುಬಿಡಿ, ಅದರಲ್ಲಿ ಇರುವುದು ಬಣ್ಣ ಜಾಸ್ತಿ, ಖಾರ ಕಡಿಮೆ!

ಇಲ್ಲಿಯವರೆಗೆ ಒಡೆಯದ ಚರ್ಮದ ಮಾತಾಯಿತು. ಒಡೆದು ಹುಣ್ಣಾದ ಮೇಲೆ?

ಇಲ್ಲಿ ವೆಲ್ಲೂರನ್ನು ನೆನೆಯಬೇಕು. ಡಾ. ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲಿನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಕುಷ್ಠದಿಂದ ಮಾಂಸ ತಾನಾಗಿ ಕೊಳೆಯುತ್ತದೆ ಅಂತ ಜನ ನಂಬಿದ್ದ ಕಾಲ ಅದು. ಅವರು ತೋರಿಸಿಕೊಟ್ಟಿದ್ದು, ಹುಣ್ಣಿಗೆ ಕಾರಣ ನೋವು ತಿಳಿಯದೆ ಅದೇ ಜಾಗದ ಮೇಲೆ ನಡೆಯುತ್ತಲೇ ಇರುವುದು ಅಂತ. ಮುಂದೆ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಇದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯವರ ಕಾಲಿಗೂ ತಂದರು. ಇವತ್ತಿಗೂ ಅಂಗಾಲಿನ ಹುಣ್ಣಿಗೆ ಮೊದಲ ಚಿಕಿತ್ಸೆ ಮುಲಾಮಲ್ಲ, ಮೊಣಕಾಲಿನವರೆಗೆ ಹಾಕುವ, ರೋಗಿ ತಾನಾಗಿ ಬಿಚ್ಚಲಾಗದ ಕಟ್ಟು ಅಥವಾ ಬೂಟು, ಹುಣ್ಣಿನ ಮೇಲೆ ಭಾರ ಬೀಳಬಾರದು ಅಂತ. ಬಿಚ್ಚಲಾಗದ್ದೇ ಯಾಕೆ ಅಂದರೆ, ಬಿಚ್ಚಲು ಬಂದರೆ ಬಚ್ಚಲಿಗೆ ಹೋಗುವಾಗ ಬಿಚ್ಚುತ್ತಾರೆ, ದೇವರ ಮನೆಗೆ ಹೋಗುವಾಗ ಬಿಚ್ಚುತ್ತಾರೆ. ಅಪ್ಪ ಸಂಧ್ಯಾವಂದನೆಗೆ ಬಿಚ್ಚಿ ಅಂತ ಜಗಳ ತೆಗೆದಿದ್ದರು.

ಹುಣ್ಣಿನ ಸುತ್ತ ಸತ್ತ ಚರ್ಮ ತೆಗೆಯಬೇಕು, ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ನೋಡಬೇಕು, ಸೋಂಕು ಇದ್ದರೆ ಬಾಯಿಂದ ಅಥವಾ ಇಂಜೆಕ್ಷನ್ ಮೂಲಕ ಆಂಟಿಬಯೋಟಿಕ್ ಕೊಡಬೇಕು. ಭಾರ ತೆಗೆಯುವುದೂ ಸೇರಿ ಈ ನಾಲ್ಕು ಆಗದೆ ಮೇಲೆ ಏನು ಸುರಿದರೂ ಅಷ್ಟಕ್ಕಷ್ಟೇ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸ್ಸೆಂದು ನೊರೆ ಬರುವುದು ನೋಡಲು ಸಮಾಧಾನ, ಆದರೆ ಅದು ಹೊಸದಾಗಿ ಬೆಳೆಯುತ್ತಿರುವ ಜೀವಕೋಶಗಳನ್ನೂ ಸುಡುತ್ತದೆ. ಮಧುಮೇಹ ಪಾದದ ಚಿಕಿತ್ಸೆಗೆ ಜಗತ್ತೇ ನೋಡುವ ಅಂತಾರಾಷ್ಟ್ರೀಯ ತಜ್ಞರ ತಂಡದ 2023ರ ಮಾರ್ಗಸೂಚಿಯಲ್ಲಂತೂ ಬೇಡ ಅನ್ನುವ ಪಟ್ಟಿಯೇ ಉದ್ದ: ಹುಣ್ಣು ಬೇಗ ಮಾಯಲಿ ಅಂತ ಆಂಟಿಸೆಪ್ಟಿಕ್, ಬೆಳ್ಳಿಯ ಅಂಶದ ಡ್ರೆಸ್ಸಿಂಗ್, ಜೇನುತುಪ್ಪ ಬಳಸಬೇಡಿ, ಸೋಂಕಿಗೆ ಹಚ್ಚುವ ಆಂಟಿಬಯೋಟಿಕ್ ಬೇಡ. ಅರಿಶಿನ, ಕಾಫಿ ಪುಡಿ ಮೆತ್ತಿದರೆ ಇನ್ನೊಂದು ತೊಂದರೆ, ಹುಣ್ಣಿನ ತಳ ಯಾವ ಬಣ್ಣಕ್ಕೆ ತಿರುಗಿದೆ ಅಂತ ಡಾಕ್ಟರಿಗೇ ಕಾಣುವುದಿಲ್ಲ.

ಹಾಗಾದರೆ ಹುಣ್ಣಿಗೆ ಹಚ್ಚುವ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲವಾ? ಕೆಲವು ಮಾಡುತ್ತವೆ, ಉಳಿದ ಚಿಕಿತ್ಸೆಯ ಜೊತೆಗೆ. ಬೆಕಾಪ್ಲರ್ಮಿನ್ ಅನ್ನುವ ಜೆಲ್ಲಿಗೆ ಅಮೆರಿಕ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಗಾಯ ಮಾಯಲು ನಮ್ಮ ರಕ್ತದ ಪ್ಲೇಟ್‌ಲೆಟ್‌ಗಳು ಬಿಡುವ ಪ್ರೋಟೀನನ್ನು ಲ್ಯಾಬಿನಲ್ಲಿ ತಯಾರಿಸಿದ್ದು, ಫ್ರಿಜ್ಜಿನಲ್ಲೇ ಇಡಬೇಕು. ಪರೀಕ್ಷೆಯಲ್ಲಿ 20 ವಾರಕ್ಕೆ ಅದನ್ನು ಹಚ್ಚಿದವರಲ್ಲಿ ಶೇ 50, ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಶೇ 35 ಮಂದಿಯ ಹುಣ್ಣು ಮುಚ್ಚಿತು. 2008ರಲ್ಲಿ ಕ್ಯಾನ್ಸರ್ ಬಗ್ಗೆ ದೊಡ್ಡ ಎಚ್ಚರಿಕೆ ಹಾಕಿದರು, 2018ರಲ್ಲಿ ಅದನ್ನು ತೆಗೆದರು. ದುಬಾರಿ, ಈಗಿನ ಮಾರ್ಗಸೂಚಿಯೂ ಅದನ್ನು ಮಾಮೂಲಾಗಿ ಬಳಸಿ ಅನ್ನುವುದಿಲ್ಲ. ಇನ್ನೊಂದು ಸುಕ್ರೋಸ್ ಆಕ್ಟಾಸಲ್ಫೇಟ್ ಇರುವ ಡ್ರೆಸ್ಸಿಂಗ್. ಸುಕ್ರೋಸ್ ಅಂದರೆ ಸಕ್ಕರೆಯೇ, ಸಕ್ಕರೆ ಕಾಯಿಲೆಯ ಹುಣ್ಣಿಗೆ ಸಕ್ಕರೆಯಿಂದ ಮಾಡಿದ ಲವಣ! ಯೂರೋಪಿನಲ್ಲಿ 240 ಜನರ ಮೇಲೆ ನಡೆದ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು, 20 ವಾರದಲ್ಲಿ ಶೇ 48 ಮಂದಿಗೆ ವಾಸಿ, ಅದಿಲ್ಲದ ಡ್ರೆಸ್ಸಿಂಗ್ ಹಾಕಿದವರಲ್ಲಿ ಶೇ 30. ಇದು ರಕ್ತದ ಓಡಾಟವೂ ಸ್ವಲ್ಪ ಕಡಿಮೆಯಾಗಿರುವ, ಆದರೆ ಸೋಂಕಿಲ್ಲದ ಹುಣ್ಣಿಗೆ. ಇದನ್ನು ಯೋಚಿಸಬಹುದು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ.

ಮೂರನೆಯದನ್ನು ಓದಿದಾಗ ನನಗೆ ನಗು ಬಂತು. ತೈವಾನ್‌ನಲ್ಲಿ 2021ರಲ್ಲಿ ಒಪ್ಪಿಗೆ ಪಡೆದ, ಓಎನ್101 ಅನ್ನುವ ಹೆಸರಿನ ಕ್ರೀಮು. ಎರಡು ಗಿಡಗಳ ಸಾರದಿಂದ ಮಾಡಿದ್ದು. ಒಂದು ದೊಡ್ಡಪತ್ರೆ, ಇನ್ನೊಂದು ಒಂದೆಲಗ! ನಮ್ಮ ಹಿತ್ತಲಲ್ಲಿ ಎರಡೂ ಇವೆ, ಎರಡರದ್ದೂ ತಂಬುಳಿ ಮಾಡುತ್ತೇವೆ. 236 ಜನರ ಪರೀಕ್ಷೆಯಲ್ಲಿ 16 ವಾರಕ್ಕೆ ಕ್ರೀಮಿನವರಲ್ಲಿ ಸುಮಾರು ಶೇ 61, ಮಾಮೂಲಿ ಡ್ರೆಸ್ಸಿಂಗ್‌ನವರಲ್ಲಿ ಶೇ 35 ಮಂದಿಯ ಹುಣ್ಣು ಪೂರ್ತಿ ಮುಚ್ಚಿತು. ಇದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು, ಸಂಜೆ ನೋಡಿದರೆ ಒರಳುಕಲ್ಲಿನ ಪಕ್ಕ ಸೊಪ್ಪು ಕಿತ್ತಿಟ್ಟಿದ್ದರು. ಸಾರ ತೆಗೆದು, ಬೇಕಾದ ಭಾಗ ಬೇರ್ಪಡಿಸಿ, ಕ್ರಿಮಿ ಇಲ್ಲದಂತೆ ಮಾಡಿ, ಅಳತೆ ಮಾಡಿ ಹಾಕುವುದಕ್ಕೂ ಹಿತ್ತಲ ಮಣ್ಣಿನ ಸಮೇತ ಅರೆದು ಹುಣ್ಣಿಗೆ ಮೆತ್ತುವುದಕ್ಕೂ ಅಜಗಜಾಂತರ. ಸೊಪ್ಪು ತಂಬುಳಿಗೆ ಹೋಯಿತು.

ಹುಣ್ಣು ಮುಚ್ಚಿದ ಮೇಲೆ ಡಾಕ್ಟರು ಹೇಳಿದ ಒಂದು ಅಂಕಿ ಮಾತ್ರ ಅಪ್ಪನನ್ನು ನಿಜಕ್ಕೂ ಹೆದರಿಸಿತು. ವಾಸಿಯಾದವರಲ್ಲಿ ಸುಮಾರು ಶೇ 40 ಮಂದಿಗೆ ಒಂದೇ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಮುಚ್ಚಿದ ಚರ್ಮ ಮೊದಲಿನ ಚರ್ಮ ಅಲ್ಲ. ಹಾಗಾಗಿ ಈಗ ನಮ್ಮಲ್ಲಿ ಮನೆಯೊಳಗೂ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ, ಅದೂ ಕುಷ್ಠರೋಗಿಗಳಿಗೆ ಅಂತ ಶುರುವಾದ ಮೆತ್ತನೆ ರಬ್ಬರಿನದ್ದೇ. ದೇವಸ್ಥಾನಕ್ಕೆ ಹೋಗುವುದು ಬೆಳಿಗ್ಗೆ ಏಳರೊಳಗೆ, ಕಲ್ಲು ಕಾಯುವ ಮುಂಚೆ, ಅದೂ ಸಾಕ್ಸ್ ಹಾಕಿಕೊಂಡು. ಉಗುರು ನೇರಕ್ಕೆ ಕತ್ತರಿಸುವುದು, ಮೂಲೆ ಕೊರೆಯುವುದಿಲ್ಲ. ಕಾಲಲ್ಲಿ ಒಂದು ಕಡೆ ಮಾತ್ರ ಬಿಸಿ, ಊತ, ಕೆಂಪು, ಕಪ್ಪು ಬಣ್ಣ, ವಾಸನೆ, ಜ್ವರ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆ, ಸೋಮವಾರ ನೋಡೋಣ ಅನ್ನುವ ಮಾತಿಲ್ಲ. ಗಾಯವೇ ಇಲ್ಲದೆ ಪಾದ ಬಿಸಿಯಾಗಿ ಊದಿದರೂ ಅಷ್ಟೇ, ಒಳಗೆ ಮೂಳೆ ಕುಸಿಯುತ್ತಿರಬಹುದು. ಬೆಂಗಳೂರಿನ ಸರ್ಕಾರಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿಯಲ್ಲಿ ಪಾದಕ್ಕೆಂದೇ ವಿಭಾಗ ಇದೆ. ದೂರದ ಊರಿನವರು ಹತ್ತಿರದ ಮೆಡಿಕಲ್ ಕಾಲೇಜಿನ ಸರ್ಜರಿ ವಿಭಾಗಕ್ಕೆ ಹೋಗಬಹುದು.

ರಾತ್ರಿ ಒಂಬತ್ತಕ್ಕೆ ನ್ಯೂಸ್ ಮುಗಿದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಮೊಬೈಲ್ ಟಾರ್ಚ್ ಬಿಟ್ಟು ಅಪ್ಪನ ಅಂಗಾಲು ನೋಡುತ್ತಾರೆ. ಆಮೇಲೆ ಬೆರಳಿನಲ್ಲಿ ಎರಡು ಗೆರೆ ಕ್ರೀಮು, ಈ ಕಾಲಿಗೆ. ಎರಡು ಗೆರೆ, ಆ ಕಾಲಿಗೆ. "ಸಂದಿಗೆ ಬೇಡ" ಅಂತ ಅಪ್ಪ ದಿನಾ ನೆನಪಿಸುತ್ತಾರೆ, "ನನಗೆ ಗೊತ್ತು, ಸುಮ್ನೆ ಕೂತ್ಕೊಳ್ಳಿ" ಅಂತ ಅಮ್ಮ ದಿನಾ ಬೈಯುತ್ತಾರೆ.